ಟ್ರ್ಯಾಕ್ಟರಿಗೆ ಒಂದು ಸುತ್ತು

ಮನೆಯಿಂದ,
ಬುಧವಾರ, ತಾರೀಖು ಹನ್ನೆರಡು

ಪ್ರೀತಿಯ ಇವಳೇ,

ನಿನ್ನ ಮಂಡಿನೋವು ಹೇಗಿದೆ? ಮಗಳೂ ಹಸುಗೂಸೂ ಆರೋಗ್ಯವೇ? ಬಾಣಂತಿಯ ಕೆಲಸವನ್ನೆಲ್ಲ ನೀನೊಬ್ಬಳೇ ಮೈಮೇಲೆ ಹಾಕಿಕೊಳ್ಳಬೇಡ, ಅಳಿಯನಿಗೂ ಎರಡು ಕೈಗಳಿವೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನನ್ನೊಬ್ಬನನ್ನು ಬಿಟ್ಟು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಸೊಸೆ ಪಕ್ಕದಲ್ಲೇ ಇರುತ್ತಾಳೆ. ಅದಕ್ಕೇ ಈ ಕಾಗದ.

ನೀನು ಹೊರಟ ಮರುದಿನದಿಂದ ಇಲ್ಲಿ ಅವಳದೇ ಕಾಯಿದೆ. ಮಕ್ಕಳನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂರಿಸಬಾರದು. ಕೀ ಅದರಲ್ಲೇ ಬಿಡಬಾರದು, ಅಡುಗೆಮನೆಯ ಮೊಳೆಗೆ ತಂದು ಹಾಕಬೇಕು. ನಾನು ಹೊರಡುವ ಮೊದಲು ಮೊಮ್ಮಗನೂ ಪುಟ್ಟಿಯೂ ಜಗಲಿಯ ಮೇಲೆ ಕೂತು "ಇದ್ದೀನಿ ತಾತಾ" ಎಂದು ಒಬ್ಬೊಬ್ಬರಾಗಿ ಕೂಗಬೇಕು. ಅದೂ ಸಾಲದೆಂದು ನಾನು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ನಡೆದು, ಗಾಲಿಗಳ ಹಿಂದೆ ಬಗ್ಗಿ ನೋಡಿ, ಆಮೇಲೆ ಹತ್ತಬೇಕಂತೆ! ನಲವತ್ತು ವರ್ಷ ಓಡಿಸಿದವನಿಗೆ ಪಾಠ! ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗಾಯಿತು. ನಮ್ಮ ಮಗನನ್ನು ಮೂರನೇ ವರ್ಷಕ್ಕೇ ತೊಡೆಯ ಮೇಲೆ ಕೂರಿಸಿಕೊಂಡು ಉಳುತ್ತಿದ್ದೆ, ಅವನಿಗೇನಾಯಿತು ಎಂದು ಕೇಳಿದೆ. "ಏನೂ ಆಗ್ಲಿಲ್ವಲ್ಲ, ಅದು ನಮ್ಮ ಅದೃಷ್ಟ ಮಾವ, ನಿಮ್ಮ ಜಾಣತನ ಅಲ್ಲ" ಅಂದುಬಿಟ್ಟಳು. ಎದುರಿಗೇ ಕೂತಿದ್ದ ನಿನ್ನ ಮಗರಾಯ ಊಟಕ್ಕೆ ಮಾತ್ರ ಬಾಯಿ ತೆರೆದ.

ಮೊಮ್ಮಗನಿಗೆ ಏಳು ತುಂಬಿಲ್ಲ, ಆಗಲೇ ಅಮ್ಮನ ಪೊಲೀಸು. "ತಾತಾ, ನೀನು ಬಗ್ಗಲೇ ಇಲ್ಲ" ಎಂದು ಜಗಲಿಯಿಂದಲೇ ಚಾಡಿ. ಬಗ್ಗಿದ ಸೊಂಟ ಮೇಲೇಳುವುದಿಲ್ಲವೆಂದು ಯಾರಿಗೆ ಹೇಳಲಿ? ದಿನಾ ಗಾಣದೆತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು. ಪಕ್ಕದ ಹೊಲದವನು ಬೇಲಿಯಾಚೆಯಿಂದ "ಏನ್ ಯಜಮಾನ್ರೇ, ಏನಾದ್ರೂ ಕಳ್ಕೊಂಡ್ರಾ?" ಎಂದು ಹಲ್ಲು ಕಿರಿದ. ಮೈಯೆಲ್ಲ ಉರಿದುಹೋಯಿತು.

ಸೋಮವಾರದಿಂದ ನಾನು ಕೀ ಮುಟ್ಟಿಲ್ಲ. ಮಗನೇ ಓಡಿಸುತ್ತಿದ್ದಾನೆ. ಮುದುಕನಿಗೆ ಸಿಟ್ಟು ಬಂದಿದೆಯೆಂದು ಎಲ್ಲರೂ ಪಿಸುಗುಡುತ್ತಾರೆ. ಪಿಸುಗುಡಲಿ.

ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ ತಿಳಿಸು. ಅಳಿಯನನ್ನು ಕೇಳಿದೆನೆಂದು ಹೇಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಮುಂಗೋಪಿ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಸೋಮವಾರ ಬೆಳಿಗ್ಗೆ ಜಗಲಿಯಿಂದ "ಇದ್ದೀನಿ ತಾತಾ" ಎಂದು ಎರಡು ಸಲ ಕೇಳಿಸಿತು. ಸರಿ, ಆ ಕಡೆ ತಿರುಗಿಯೂ ನೋಡದೆ ಹತ್ತಲು ಹೋದೆ. ಸೊಸೆ ಕಿಟಕಿಯಲ್ಲಿ ನಿಂತಿದ್ದಳು. ಅವಳನ್ನು ಅಣಕಿಸಲೆಂದೇ ಕೈಕಟ್ಟಿಕೊಂಡು, ಸಾವಕಾಶವಾಗಿ, ಒಂದು ಸುತ್ತು ಹೊರಟೆ. ಆಚೆ ಬದಿಯ ಹಿಂದಿನ ಗಾಲಿಗೆ ಒರಗಿ ಪುಟ್ಟಿ ಕೂತಿದ್ದಳು ಕಣೇ, ಬೆಕ್ಕಿನ ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಎರಡನೆಯ ಕೂಗೂ ಅಣ್ಣನದೇ. ತಂಗಿಯ ದನಿ ಮಾಡಿ ಕೂಗಿದ್ದ. ನಾನು ಗಾಡಿಯನ್ನು ಹಿಂದಕ್ಕೇ ತೆಗೆಯಬೇಕಿತ್ತು. ಮಗುವನ್ನು ಎತ್ತಿ ಜಗಲಿಗೆ ಬಿಡುವಷ್ಟರಲ್ಲಿ ಸೊಸೆ ಒಲೆಯ ಕಡೆ ತಿರುಗಿದ್ದಳು, ಅವಳಿಗೇನೂ ಗೊತ್ತಿಲ್ಲ. ಮಗುವಿನ ತಾಯಿಗೆ ಗೊತ್ತಾಗಲೇಬೇಕು, ಆದರೆ ನನಗೆ ಬಾಯಿ ಬರುತ್ತಿಲ್ಲ. ಅವಳು ಕಿಟಕಿಯಲ್ಲಿ ಇರದಿದ್ದರೆ ನಾನು ಆ ಸುತ್ತು ಹಾಕುತ್ತಿರಲಿಲ್ಲ. ಒಂದು ದಿನದ ಮಟ್ಟಿಗಾದರೂ ಬಂದು ಹೋಗು. ನಾನೇ ಹೇಳುತ್ತೇನೆ, ನೀನು ಪಕ್ಕದಲ್ಲಿ ನಿಂತಿದ್ದರೆ ಸಾಕು.