ಕಂಬದ ನೆತ್ತಿಯ ವಾಟ

೧೩ ಡಿಸೆಂಬರ್, ಶನಿವಾರ. ಭಾವಿಕೇರಿ.

ಹಿತ್ತಲಲ್ಲಿ ಟೆಲಿಸ್ಕೋಪ್ ಕೂರಿಸುವ ಕಂಬ ಎದ್ದಿತು, ಆದರೆ ಸಮ ಇರಬೇಕಾದ ನೆತ್ತಿಯೇ ಓರೆ. ರಸಮಟ್ಟ ಇಟ್ಟರೆ ಗುಳ್ಳೆ ನಡುವೆ ನಿಲ್ಲುವುದೇ ಇಲ್ಲ. ಕೇಳಿದರೆ ಗವಂಡಿ ತುಳಸಿದಾಸಣ್ಣ ಹೆಮ್ಮೆಯಿಂದ, "ಮಳೆ ನೀರ ನಿಲ್ಬಾರ್ದಲ್ಲ ತಂಗೀ, ಒಂಚೂರು ವಾಟ ಕೊಟ್ಟಿದ್ದೆ" ಎಂದರು. ಮೂವತ್ತು ವರ್ಷ ಊರಿನ ತಾರಸಿಗಳಿಗೆಲ್ಲ ವಾಟ ಕೊಟ್ಟ ಕೈ. "ಚಲೋ ಆಯ್ತು" ಎಂದುಬಿಟ್ಟೆ. ಯಾಕೆ ಅಂದೆನೋ!

ಊಟದ ನಡುವೆಯೇ ಎರಡು ಸಲ ಟಾರ್ಚ್ ಹಿಡಿದು ಹೋಗಿ ಮುಟ್ಟಿ ಬಂದೆ. ಸಿಮೆಂಟ್ ಇನ್ನೂ ಹಸಿ. ಈಗಲೇ ಕೆರೆದು ಸಮ ಮಾಡಬೇಕು, ಬೆಳಗಾದರೆ ಕಲ್ಲು. ಮೂರನೇ ಸಲ ಕರಣೆಯನ್ನೂ ಒಯ್ದೆ. ಬಗ್ಗಿದಾಗ ಕಂಡಿತು: ಅಂಚಿನಲ್ಲಿ ಅವರು ಬೆರಳಿನಿಂದ ನನ್ನ ಹೆಸರು ಬರೆದಿದ್ದಾರೆ. ವಿನುತಾ. ಕೊನೆಯ 'ತಾ'ಕ್ಕೆ ಜಾಗ ಸಾಲದೆ ಕೆಳಗೆ ಇಳಿಸಿದ್ದಾರೆ.

ಕರಣೆ ಸಿಮೆಂಟ್ ಮುಟ್ಟದೆ ಇಲ್ಲೇ ಮೇಜಿನ ಮೇಲಿದೆ. ಇಷ್ಟೊತ್ತಿಗೆ ಗಟ್ಟಿಯಾಗಿರಲಿ, ದೇವರೇ!