ಒಪ್ಪಿಗೆಯ ಕಾಗದ

ಮನೆಯಿಂದ,
ನವೆಂಬರ್ ೯, ಸೋಮವಾರ

ಚೂಟೀ,

ಮೊದಲು ಆಶೀರ್ವಾದ ತಗೋ, ಬೈಗುಳ ಆಮೇಲೆ ಬರುತ್ತದೆ. ನಿನ್ನ ಲಕೋಟೆ ಬಂದು ಒಂದು ಬೇಸಿಗೆಯೇ ಕಳೆದುಹೋಯಿತು, ನಾನು ಉತ್ತರ ಬರೆಯಲಿಲ್ಲ. ಕೈನೋವಿತ್ತು, ಕೆಲಸವಿತ್ತು ಅಂತ ಸುಳ್ಳು ಹೇಳಬಹುದಿತ್ತು. ಆದರೆ ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನಿಗೆ ನಿಜವನ್ನು ಕಾಗುಣಿತ ತಪ್ಪದೆ ಬರೆಯುವುದೇ ಕಷ್ಟ, ಇನ್ನು ಸುಳ್ಳು ಎಲ್ಲಿ ಬರೆಯಲಿ? ಸಿಟ್ಟು ಬಂದಿತ್ತು, ಬರೆಯಲಿಲ್ಲ. ನೀನು ಫೋನು ಮಾಡಿದಾಗೆಲ್ಲ ಅದನ್ನು ದೊಡ್ಡಮ್ಮನ ಕೈಗೆ ತುರುಕಿ ಹೊರಗೆ ಹೋಗುತ್ತಿದ್ದದ್ದೂ ಅದಕ್ಕೇ. ಈಗಲೂ ಫೋನು ಬೇಡ. ಫೋನಿನಲ್ಲಿ ನಾನು ಕೂಗುತ್ತೇನೆ. ಕಾಗದದಲ್ಲಾದರೆ ಕೂಗಿದರೂ ಪಕ್ಕದ ಮನೆಗೆ ಕೇಳುವುದಿಲ್ಲ.

ಮನೆ ಸುದ್ದಿ ಹೇಳುತ್ತೇನೆ. ನಿನ್ನ ದೊಡ್ಡಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಡಾಕ್ಟರು 'ಏನೂ ಇಲ್ಲ ಅಜ್ಜಿ, ಮಲಗಿ ಏಳೋಷ್ಟರಲ್ಲಿ ಮುಗೀತು' ಅಂದರು. ಇವಳೂ ಸರಿ ಅಂದಳು. ಆಸ್ಪತ್ರೆಯ ಅಂಗಿ ಹಾಕಿಸಿ, ತಲೆಗೆ ಹಸಿರು ಟೋಪಿ ಇಟ್ಟು ಮಂಚದ ಮೇಲೆ ಕೂರಿಸಿದ್ದರು. ನರ್ಸು ಒಂದು ಕಾಗದ ತಂದು 'ಆಪರೇಷನ್‌ಗೆ ಒಪ್ಪಿಗೆ, ಇಲ್ಲೊಂದು ಸಹಿ' ಅಂದಳು ನೋಡು, ಇವಳು ಟೋಪಿ ತೆಗೆದು ದಿಂಬಿನ ಮೇಲಿಟ್ಟು, ಕಾಲಲ್ಲಿ ಚಪ್ಪಲಿ ಹುಡುಕತೊಡಗಿದಳು. ಯಾಕೆ ಅಂದರೆ ಬೇಡ. ಏನಾಯಿತು ಅಂದರೆ ಬೇಡ. ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ನಾನು ಕೂಗಾಡಿದೆ. 'ಮೊಂಡನ ತಾಯಿ ಅಲ್ವಾ ನೀನು, ಇನ್ನೇನಾಗ್ತೀಯ!' ಅಂದುಬಿಟ್ಟೆ.

ನಮ್ಮ ಮಗ ಜೈಲಿನಲ್ಲಿ ಸತ್ತ ಮೇಲೆ ಅವನ ಆ ಅಡ್ಡಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಚಪ್ಪಲಿ ಮೆಟ್ಟಿ ನಡೆದೇಬಿಟ್ಟಳು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಳು. ಕಾಣದ ಕಣ್ಣಿಗೆ ಕಿಟಕಿ ಯಾಕೆ ಅಂತ ಕೇಳಬೇಕೆಂದಿದ್ದೆ, ನುಂಗಿಕೊಂಡೆ. ಹೀಗೆ ನಾನು ನುಂಗಿದ ಮಾತುಗಳು ಬಹಳ ಕಡಿಮೆ, ಲೆಕ್ಕಕ್ಕಿಟ್ಟುಕೋ.

ಟೈಲರ್ ಇನ್ನೂ ಗುಂಡಿಯ ಕಾಜಾ ಹೊಲಿಯಲು ಅಂಗಿ ಕಳಿಸುತ್ತಾನೆ. ಇವಳು ಬೆರಳಲ್ಲೇ ತಡವಿ ಹೊಲಿಯುತ್ತಾಳೆ. ಸೂಜಿಗೆ ದಾರ ಹಾಕುವುದು ಮಾತ್ರ ಬೆರಳಿಗೆ ಆಗದ ಕೆಲಸ. ಹಾಗಾಗಿ ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ನಾನು ಸೂಜಿಗಳಿಗೆಲ್ಲ ದಾರ ಪೋಣಿಸಿ ಪುಟ್ಟ ದಿಂಬಿಗೆ ಸಾಲಾಗಿ ಚುಚ್ಚಿಡಬೇಕು. ಡಿಪೋದಲ್ಲಿ ಬಸ್ಸಿನ ಚಾಸಿಸ್ ಬೆಸೆದ ಕೈಗೆ ಬಂದ ಭಾಗ್ಯ ನೋಡು.

ಈಗ ನಿನ್ನ ವಿಷಯ. ಮೊಂಡ ಸತ್ತ ಜೈಲಿಗೇ ಹೋಗಿ ಖೈದಿಗಳ ಕಾಯಿಲೆ ಕಸಾಲೆಯ ಬಗ್ಗೆ ಸಂಶೋಧನೆ ಮಾಡುತ್ತೇನೆ ಅಂತ ಬರೆದಿದ್ದೆ. ಯೂನಿವರ್ಸಿಟಿಯ ಸಮಿತಿ ಹೂಂ ಅಂದಿದೆ, ಇನ್ನು ಜೈಲು ಇಲಾಖೆ ಹೂಂ ಅನ್ನಬೇಕು. ಅಣ್ಣ ಅಲ್ಲೇ ತೀರಿಕೊಂಡದ್ದನ್ನು ಅರ್ಜಿಯಲ್ಲಿ ಮುಚ್ಚಿಟ್ಟಿಲ್ಲ, ಆದ್ದರಿಂದ ಅವನನ್ನು ಹೆತ್ತವರಿಬ್ಬರೂ 'ನಮ್ಮ ಆಕ್ಷೇಪವಿಲ್ಲ' ಅಂತ ಸಹಿ ಹಾಕಿದ ಪತ್ರ ಕೇಳುತ್ತಿದ್ದಾರೆ, ಅದಿಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ ಅಂದಿದ್ದೆ. ಅಷ್ಟು ಓದುವಷ್ಟರಲ್ಲೇ ನನಗೆ ಮೈಯೆಲ್ಲ ಉರಿಯಿತು. ನನ್ನ ಮಗ ಈ ಚೂಟಿಯ ಪುಸ್ತಕದ ಮೂರನೇ ಅಧ್ಯಾಯ ಆಗುತ್ತಾನಾ ಅಂದುಕೊಂಡೆ. ಉಳಿದ ಹಾಳೆಗಳನ್ನು ಬಿಚ್ಚಲೇ ಇಲ್ಲ. ಲಕೋಟೆಯನ್ನು ಹಾಗೇ ಸಲಕರಣೆ ಪೆಟ್ಟಿಗೆಯ ಕೆಳಗೆ ತಳ್ಳಿದೆ.

ಇನ್ನೊಂದು ಕಾರಣವೂ ಇತ್ತು. ಅವನ ಹೆಣದ ಜೊತೆ ನಮಗೆ ಕೊಟ್ಟ ಕಾಗದ ನಿನಗೆ ನೆನಪಿರಬೇಕು. 'ಖೈದಿಯು ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನಿರಾಕರಿಸಿರುತ್ತಾನೆ.' ಹೊಟ್ಟೆಯೊಳಗೆ ಕರುಳು ಕೊಳೆಯುತ್ತಿದೆ, ಡಾಕ್ಟರು ಕತ್ತಿ ತೊಳೆದಿಟ್ಟು ಕಾಯುತ್ತಿದ್ದಾರೆ, ಇವನು ಬೇಡ ಅಂದ. ಅಂದರೆ ಸಾಯುವುದನ್ನು ಅವನೇ ಆರಿಸಿಕೊಂಡ ಅಂತ ತಾನೆ? ನಾವು ಭಾನುವಾರ ಭಾನುವಾರ ಆ ಕಂಬಿಯ ಮುಂದೆ ನಿಂತದ್ದಕ್ಕೆ ಮೂರು ಕಾಸಿನ ಬೆಲೆ ಇಲ್ಲವಾ? ಅವನ ಫೋಟೋ ಇಳಿಸಿ ಬೀರುವಿನ ಹಿಂದೆ ಹಾಕಿದ್ದೆ. ಇಷ್ಟು ದಿನವೂ ಮನಸ್ಸಿನಲ್ಲೇ ಅವನನ್ನು ಬೈದುಕೊಂಡು ಓಡಾಡಿದ್ದೇನೆ. ಕೆಲವು ಸಲ ಹೆಸರೆತ್ತದೆ ಬಾಯಿಬಿಟ್ಟೂ ಬೈದಿದ್ದೇನೆ.

ಹೋದ ವಾರ ನಿನ್ನ ಅರ್ಜಿಯ ಬಗ್ಗೆ ವಿಚಾರಿಸಲು ಇಲಾಖೆಯಿಂದ ಒಬ್ಬ ಮನೆಗೇ ಬಂದ. ಕಂಕುಳಲ್ಲಿ ಫೈಲು, ಬೂಟಿನ ತುಂಬ ಕೆಸರು. ಕುರ್ಚಿ ಕೊಟ್ಟೆ.

"ಸಂಶೋಧಕಿ ನಿಮಗೆ ಏನಾಗಬೇಕು?" ಅಂದ.

"ತಮ್ಮನ ಮಗಳು. ಈ ಮನೇಲೇ ನನ್ನ ತಲೆ ತಿಂದು ಬೆಳೆದೋಳು."

"ನೀವೇನು ಕೆಲಸ ಮಾಡ್ಕೊಂಡಿದ್ದೀರಿ?"

"ರಿಟೈರಾಗಿದೀನಿ. ಈಗ ಯಾರಾದ್ರೂ ಕರೆದ್ರೆ ಕಿಟಕಿಗೆ ಸರಳು ಬೆಸೀತೀನಿ. ನಿಮ್ಮ ಇಲಾಖೆಗೆ ಬೇಕಿದ್ರೆ ಹೇಳಿ."

ನಗಲಿಲ್ಲ ಪುಣ್ಯಾತ್ಮ. ಬರೆದುಕೊಂಡ. "ಇಲಾಖೆ ಮೇಲೆ ಕುಟುಂಬಕ್ಕೆ ಸಿಟ್ಟು, ದ್ವೇಷ ಏನಾದ್ರೂ ಇದೆಯಾ?"

"ಸಿಟ್ಟು ಇದೆ. ದ್ವೇಷ ಮಾಡೋಕೆ ವಯಸ್ಸಾಯ್ತು. ಎರಡನ್ನೂ ಬರ್ಕೊಳ್ಳಿ, ಅರ್ಧ ಬರೆದ್ರೆ ಸುಳ್ಳಾಗುತ್ತೆ."

"ಆ ಹುಡುಗಿ ಸೇಡು ಗೀಡು ಅಂತ ಬರ್ತಿಲ್ಲ ತಾನೆ?"

"ಕುಂಬಳಕಾಯಿ ಕಳ್ಳ ಅಂತ ನಾವಿನ್ನೂ ಅಂದೇ ಇಲ್ಲ, ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?"

ಅವನು ಪೆನ್ನು ಕೆಳಗಿಟ್ಟ. "ಯಜಮಾನ್ರೇ, ನಾನೂ ಹೊತ್ತಿಗೆ ಸರಿಯಾಗಿ ಮನೆಗೆ ಹೋಗ್ಬೇಕು. 'ಕುಟುಂಬದವರು ಶಾಂತ ಸ್ವಭಾವದವರು' ಅಂತ ಬರೆಯೋಣ ಅಂತಿದೀನಿ. ಸ್ವಲ್ಪ ಸಹಾಯ ಮಾಡಿ."

ಆ ಮಾತಿಗೆ ನನಗೇ ನಗು ಬಂತು. ಕೆಟ್ಟವನಲ್ಲ ಚೂಟಿ ಅವನು. ಹಾಳೆ ನನ್ನ ಕಡೆ ತಿರುಗಿಸಿ, ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ: "ಮೇಲಿನ ಹೇಳಿಕೆಗೆ ನನ್ನ ಒಪ್ಪಿಗೆ ಇದೆ. ಇಲ್ಲಿ ಸಹಿ ಹಾಕಿ." ನಾನು ಪೆನ್ನು ತೆಗೆದುಕೊಂಡೆ. ಒಳಗೆ ಕಾಜಾ ಹೊಲಿಯುತ್ತಿದ್ದವಳು ಗೋಡೆ ಹಿಡಿದುಕೊಂಡು ಬಂದು, ಮೇಜು ತಡಕಿ, ಆ ಹಾಳೆಯ ಮೇಲೆ ಅಂಗೈ ಅಗಲಿಸಿ ಒತ್ತಿಬಿಟ್ಟಳು. ಬೆರಳ ಸಂದಿಯಲ್ಲಿ ಸೂಜಿ ಹಾಗೇ ಇತ್ತು.

"ಈ ಮನೇಲಿ ಯಾರೂ ಏನೂ ಒಪ್ಪಲ್ಲ," ಅಂದಳು.

"ಅಮ್ಮಾ, ಇದು ಬರೀ ವಿಚಾರಣೆ..."

"ಅವತ್ತೂ ಬರೀ ವಿಚಾರಣೆ ಅಂತಾನೇ ಕರ್ಕೊಂಡು ಹೋದ್ರಿ."

ಅವನು ಫೈಲು ಕಟ್ಟಿದ. ಬಾಗಿಲ ಹತ್ತಿರ ನನ್ನೊಬ್ಬನಿಗೇ ಕೇಳುವ ಹಾಗೆ ಹೇಳಿದ: "ಸಹಿ ಇಲ್ಲದೆ ಕಳಿಸಿದ್ರೆ ಆ ಹುಡುಗಿ ಅರ್ಜಿ ಬಿದ್ದುಹೋಗುತ್ತೆ. ಇನ್ನೊಂದ್ಸಲ ಬರ್ತೀನಿ. ಅಷ್ಟರಲ್ಲಿ ಮನೇಲಿ ಮಾತಾಡ್ಕೊಳ್ಳಿ."

ಅವನು ಹೋದ ಮೇಲೆ ನಾನು ಮಾತಾಡಲಿಲ್ಲ, ಕೂಗಾಡಿದೆ. ನಿನ್ನ ಅರ್ಜಿ ಕಂಡರೆ ನನಗೇ ಆಗುತ್ತಿರಲಿಲ್ಲ, ಆದರೂ ಅದನ್ನು ಬೀಳಿಸುವ ಹಕ್ಕು ಇವಳಿಗೆ ಯಾರು ಕೊಟ್ಟರು ಅಂತ ಕೂಗಾಡಿದೆ. ಹೀಗಿದೆ ನೋಡು ನನ್ನ ನ್ಯಾಯ. ಆ ಸಿಟ್ಟಿನಲ್ಲೇ, ಇಷ್ಟಕ್ಕೂ ನೀನು ಅಲ್ಲಿ ಹೋಗಿ ಏನು ಕಡಿದು ಕಟ್ಟೆ ಹಾಕುತ್ತೀಯೋ ನೋಡಿಯೇಬಿಡೋಣ ಅಂತ ಪೆಟ್ಟಿಗೆ ಸರಿಸಿ ಲಕೋಟೆ ಎಳೆದೆ.

ಮೊದಲ ಹಾಳೆಗಳು ಕಬ್ಬಿಣದ ಕಡಲೆ. ನಿಜವಾದ ಕಬ್ಬಿಣವಾಗಿದ್ದರೆ ಕಾಯಿಸಿ ಬಗ್ಗಿಸುತ್ತಿದ್ದೆ. ಉದ್ದೇಶ, ವಿಧಾನ, ಗೌಪ್ಯತೆ, ಏನೇನೋ. ಕೊನೆಯಲ್ಲಿ, ನೀನು ಮಾತಾಡಿಸುವ ಖೈದಿಗಳ ಹತ್ತಿರ ಸಹಿ ಹಾಕಿಸಿಕೊಳ್ಳುವ ಹಾಳೆ. ಮೇಲೆ ದಪ್ಪಕ್ಷರದಲ್ಲಿ 'ಒಪ್ಪಿಗೆ ಪತ್ರ'. ಅದರ ಕೆಳಗೆ, ಮೊದಲನೇ ಸಾಲು: 'ಇದು ತಪ್ಪೊಪ್ಪಿಗೆ ಅಲ್ಲ. ನಿಮ್ಮ ಕೇಸಿಗೂ ಇದಕ್ಕೂ ಸಂಬಂಧವಿಲ್ಲ.' ಪಕ್ಕದಲ್ಲಿ ಸಮಿತಿಯವರಿಗೆ ಅಂತ ನೀನು ಸಣ್ಣದಾಗಿ ಬರೆದಿದ್ದೀಯ. ಬಿಡುಗಡೆಯಾದವರನ್ನು ಮಾತಾಡಿಸಲು ಹೋದಾಗ ಹಲವರು 'ಒಪ್ಪಿಗೆ' ಅನ್ನುವ ಪದ ಕಂಡೊಡನೆ ಕಾಗದವನ್ನು ದೂರ ತಳ್ಳಿದರು, ಒಳಗಿದ್ದು ಬಂದವರಿಗೆ ಆ ಪದಕ್ಕೆ ಒಂದೇ ಅರ್ಥ, ಅದಕ್ಕೇ ಈ ಸಾಲು ಅಂತ.

ಕಣ್ಣಿಗೆ ಗಾಜು ಹಿಡಿಯದೆ ಬೆಸುಗೆಯ ಬೆಳಕು ನೋಡಿದ ಹಾಗಾಯಿತು. ಸುಮಾರು ಹೊತ್ತು ಬೇರೇನೂ ಕಾಣಲಿಲ್ಲ.

ಗೋದಾಮಿಗೆ ಬೆಂಕಿ ಬಿದ್ದು ಅವನನ್ನು ಹಿಡಿದುಕೊಂಡು ಹೋದ ದಿನದಿಂದ ಅವನ ಕಿವಿಗೆ ಬಿದ್ದದ್ದು ಅದೊಂದೇ ಮಾತಲ್ಲವಾ? ಪೊಲೀಸರು 'ನಾನೇ ಬೆಂಕಿ ಇಟ್ಟೆ ಅಂತ ಒಪ್ಕೋ, ಹೊಡೆಯಲ್ಲ' ಅಂದರು. ಆಚೆ ಕಡೆಯ ವಕೀಲ 'ಒಪ್ಕೋ, ಶಿಕ್ಷೆ ಕಮ್ಮಿ ಮಾಡಿಸ್ತೀವಿ' ಅಂದ. ಕೊನೆಗೆ ನಮ್ಮ ವಕೀಲನೇ 'ಒಪ್ಕೊಂಡ್ರೆ ಬೇಗ ಮುಗಿಯುತ್ತಪ್ಪ' ಅಂದ. ಇವನು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮಾಡದೇ ಇದ್ದದ್ದನ್ನ ಯಾಕೆ ಒಪ್ಪಲಿ ಅಂದ. ಅಂಥವನು ಹೊಟ್ಟೆ ಹಿಡಿದುಕೊಂಡು, ಜ್ವರದಲ್ಲಿ ಸುರುಟಿ ಮಲಗಿದ್ದಾಗ ಖಾಕಿ ತೊಟ್ಟ ಯಾವನೋ ಒಬ್ಬ ಕಾಗದ ಚಾಚಿ 'ಒಪ್ಪಿಗೆಗೆ ಸಹಿ ಹಾಕು' ಅಂದಿರುತ್ತಾನೆ. ಯಾವುದಕ್ಕೆ ಅಂತ ಬಿಡಿಸಿ ಹೇಳಲು ಅವನಿಗೆ ಪುರುಸೊತ್ತಿರಲಿಲ್ಲ. ಕೇಳಿಸಿಕೊಳ್ಳಲು ಇವನಿಗೆ ತ್ರಾಣವಿರಲಿಲ್ಲ.

ನಾನು ಪಕ್ಕದಲ್ಲಿ ನಿಂತು ನೋಡಿದವನಲ್ಲ. ಕೋರ್ಟಿನಲ್ಲಿ ನಿಲ್ಲಿಸಿ ಕೇಳಿದರೆ ಹೀಗೇ ಆಯಿತು ಅನ್ನಲಾರೆ. ಆದರೆ ಮೊಂಡನನ್ನು ಬಲ್ಲೆ. ಅವನು ಸಾಯಲು ಹೊರಟಿರಲಿಲ್ಲ ಚೂಟಿ. ಮನೆಗೆ ಬರಲು ಹೊರಟಿದ್ದ.

ಬೀರುವಿನ ಹಿಂದಿನಿಂದ ಫೋಟೋ ತೆಗೆದು ಒರೆಸಿ ಮತ್ತೆ ಮೊಳೆಗೆ ಹಾಕಿದ್ದೇನೆ. ಜೇಡ ಗೂಡು ಕಟ್ಟಿತ್ತು.

ಆಕ್ಷೇಪವಿಲ್ಲ ಅನ್ನುವ ಪತ್ರ ಇದರ ಜೊತೆಗಿದೆ. ನನ್ನ ಸಹಿ ಹಾಕಿದ್ದೇನೆ. ನಿನ್ನ ದೊಡ್ಡಮ್ಮನಿಗೆ ಈ ಕಾಗದ ಪೂರ್ತಿ ಓದಿ ಹೇಳಿ ಅವಳದ್ದೂ ಹಾಕಿಸುತ್ತೇನೆ. ಕೆಸರು ಬೂಟಿನವನು ಮತ್ತೆ ಬಂದರೆ ಶಾಂತ ಸ್ವಭಾವದವನ ಹಾಗೆ ಕೂತಿರುತ್ತೇನೆ, ಅವನ ಪುಣ್ಯ. ಒಳಗೆ ಬಿಟ್ಟರೆ ಒಂದು ಕೆಲಸ ಮಾಡು. ಆ ಸಾಲನ್ನು ಬರೆದಿದ್ದೇನಲ್ಲ ಅಂತ ಹಾಳೆ ಕೈಗೆ ಕೊಟ್ಟು ಸುಮ್ಮನಾಗಬೇಡ. ಪ್ರತಿಯೊಬ್ಬನಿಗೂ ಬಾಯಲ್ಲಿ ಹೇಳು, ಸಹಿಗೆ ಮುಂಚೆ ಹೇಳು. ನೋಯುತ್ತಿರುವವನಿಗೆ ಅಕ್ಷರ ಕಾಣುವುದಿಲ್ಲ. ಬಿಡದಿದ್ದರೆ ಇನ್ನೊಂದು ಅರ್ಜಿ ಹಾಕು. ನೀನೂ ಇದೇ ಮನೆಯ ಮೊಂಡಿ ತಾನೆ.

ನಿನ್ನ ಕಾಲಿಗೆ ಮುಳ್ಳು ಚುಚ್ಚದಿರಲಿ ಅಂತ ಹರಸಲಾರೆ, ಹೊರಟಿರುವುದೇ ಮುಳ್ಳಿನ ಮೇಲೆ. ಚಪ್ಪಲಿ ಗಟ್ಟಿ ಇರಲಿ ಮಗಳೇ, ಮೈ ಗಟ್ಟಿ ಇರಲಿ. ಹೊತ್ತು ಹೊತ್ತಿಗೆ ತಿನ್ನು.

ನಿನ್ನ
ದೊಡ್ಡಪ್ಪ

ಇಷ್ಟು ಬರೆದ ಮೇಲೆ ಉಳಿದದ್ದು: ಪತ್ರದಲ್ಲಿ ದೊಡ್ಡಮ್ಮನ ಸಹಿಯ ಜಾಗ ಖಾಲಿ ಇದೆ, ಗಾಬರಿಯಾಗಬೇಡ. ನಿನ್ನೆ ಸಂಜೆ ಈ ಕಾಗದವನ್ನು ಅವಳಿಗೆ ಓದಿದೆ. 'ಇದು ತಪ್ಪೊಪ್ಪಿಗೆ ಅಲ್ಲ' ಅನ್ನುವಲ್ಲಿ "ಇನ್ನೊಂದ್ಸಲ ಓದಿ" ಅಂದಳು. ಓದಿದೆ. ಹೊಲಿಯುತ್ತಿದ್ದ ಅಂಗಿ ಮಡಿಸಿ ಪಕ್ಕಕ್ಕಿಟ್ಟಳು.

"ಕೊನೇ ಭಾನುವಾರ ನೀವು ಗೇಟಲ್ಲಿ ಸಾಲು ಮುರಿದೋನ ಜೊತೆ ಜಗಳಕ್ಕೆ ನಿಂತಿದ್ರಿ. ನಾನೊಬ್ಳೇ ಒಳಗೆ ಹೋದೆ. ಹೊಟ್ಟೆ ಒತ್ತಿ ಹಿಡ್ಕೊಂಡು ಬಂದ. 'ಅಮ್ಮಾ, ಮತ್ತೆ ಯಾವುದೋ ಒಪ್ಪಿಗೆಗೆ ಸಹಿ ಹಾಕು ಅಂತಿದಾರೆ, ನಾನು ಹಾಕಿಲ್ಲ' ಅಂದ. ಭೇಷ್ ಮಗನೇ ಅಂದೆ. ಜೀವ ಹೋದ್ರೂ ಒಪ್ಪಬೇಡ ಅಂದೆ."

ನಾನು ಓದುತ್ತಿದ್ದ ಹಾಳೆ ಕೆಳಗಿಟ್ಟೆ.

"ಅವನ ಜೊತೆ ಆ ಕಾಗದ ಬಂತಲ್ಲ, ಅದನ್ನ ನೀವು ಓದಿದಾಗ್ಲೇ ಅದು ಯಾವ ಒಪ್ಪಿಗೆ ಅಂತ ನನಗೆ ಗೊತ್ತಾಯ್ತು. ನೀವು ಅವನನ್ನ ಬೈತಾನೇ ಇದ್ರಿ. ಅದು ನನಗೆ ಬೀಳಬೇಕಾದ ಬೈಗುಳ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಅವನಿಗೆ ಒಪ್ಪಬೇಡ ಅಂದು, ನನ್ನ ಕಣ್ಣಿಗೆ ನಾನು ಹೇಗೆ ಒಪ್ಪಲಿ ಹೇಳಿ?"

ನೀನು ಬಾ ಚೂಟಿ. ನನ್ನ ಓದು ಅವಳಿಗೆ ಸಾಕಾಗಲಿಲ್ಲ. ಆ ಸಾಲು ಬರೆದವಳೇ ಬಂದು ಓದಲಿ, ಸಹಿ ಆಮೇಲೆ ನೋಡೋಣ ಅಂತಿದ್ದಾಳೆ.

ಇವತ್ತು ಬೆಳಿಗ್ಗೆ ಎಂದಿನಂತೆ ಸೂಜಿ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತೆ. ದಾರ ಪೋಣಿಸಲು ನನ್ನ ಕಣ್ಣಿಗೂ ಆಗಲಿಲ್ಲ.