ಹಗ್ಗ ಸಡಿಲಿಸಿದ ಸಂಜೆ

ಕಡಲತೀರದ ಉದ್ಯಾನ,
ಚಾಪೆ-ಲಾಟೀನು ಬಾಡಿಗೆಗೆ ಕೊಡುವ ಕೋಣೆ
ಗುರುವಾರ, ಮಧ್ಯಾಹ್ನ

ತಮ್ಮಾ,

ಪ್ರೀತಿಯ ಎಂದು ಬರೆಯಲು ಈ ಸಲ ಕೈ ಬರಲಿಲ್ಲ, ಬೇಕಿದ್ದರೆ ನೀನೇ ಸೇರಿಸಿಕೊಂಡು ಓದು. ನಿನ್ನ ಹೆಂಡತಿಯ ಕೆಮ್ಮು ಇಳಿಯಿತೇ? ಚಿಕ್ಕವಳಿಗೆ ಮುಂದಿನ ಹಲ್ಲು ಬಂತೇ? ಅವರಿಬ್ಬರೂ ಚೆನ್ನಾಗಿರಲಿ. ನಿನ್ನ ಬೆನ್ನುನೋವಿನ ವಿಚಾರ ಆಮೇಲೆ ಕೇಳುತ್ತೇನೆ.

ರಜೆಗೆ ಇಲ್ಲಿ ಕ್ಯಾಂಪ್ ಹಾಕಲು ಯಾವ ಜಾಗ ಒಳ್ಳೆಯದು ಎಂದು ಕೇಳಿದ್ದೀಯ. ಅಕ್ಕ ಅಲ್ಲೇ ದುಡಿಯುತ್ತಾಳಲ್ಲ, ಕೇಳಿದರಾಯಿತು ಎಂದುಕೊಂಡಿರಬೇಕು. ಹೇಳುತ್ತೇನೆ, ಕೇಳು. ಮರಗಳ ಕೆಳಗೆ ಡೇರೆ ಹಾಕಿದರೆ ನೆರಳುಂಟು, ನಲ್ಲಿ ಹತ್ತಿರ, ಇರುವೆ ಇನ್ನೂ ಹತ್ತಿರ. ನಿನ್ನಂಥ ಸಿಹಿ ಮಾತಿನವನನ್ನು ಅವು ಬಿಡಲಾರವು. ಮರಳದಿಬ್ಬದ ಮೇಲಾದರೆ ಕಡಲು ಕಣ್ತುಂಬ ಕಾಣುತ್ತದೆ, ಆದರೆ ಗೂಟ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕಾಲುದ್ದ ಅಗೆದು ಹೂಳಬೇಕು. ನೀನು ಹೂಳುವವನಲ್ಲ, ಹೂಳಿಸುವವನು. ಗೇಟಿನ ಪಕ್ಕದ ಬಯಲಿನಲ್ಲಿ ವ್ಯಾನು ನಿಲ್ಲಿಸಿ ಅದರಲ್ಲೇ ಮಲಗಬಹುದು; ಶೌಚಾಲಯದ ವಾಸನೆಗೆ ಬೇರೆ ಬಾಡಿಗೆಯಿಲ್ಲ. ಇನ್ನು ಉಳಿದದ್ದು ಹಲಗೆಯ ಕೋಣೆ, ಅದರಲ್ಲಿ ಐದು ಮಂಚ, ಒಂದು ಫ್ಯಾನು.

ಕಾಗದದ ಕೊನೆಗೆ “ಅಪ್ಪ ಈ ಸಲ ಬೇಡ, ಅವರಿಗೆ ಸುಮ್ಮನೆ ತೊಂದರೆ” ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದೀಯ. ತೊಂದರೆ ಯಾರಿಗೆಂದು ನನಗೆ ಗೊತ್ತಿಲ್ಲವೇ? ಅಪ್ಪ ಜೀವಮಾನವೆಲ್ಲ ದಪ್ಪ ಬಟ್ಟೆಯ ಡೇರೆ ಹೊಲಿದವರು. ಅವುಗಳ ಹತ್ತಿಹಗ್ಗ ರಾತ್ರಿಯ ತೇವಕ್ಕೆ ಬಿಗಿದುಕೊಂಡು ಗೂಟವನ್ನೇ ಕೀಳುತ್ತದೆ, ಅದಕ್ಕೇ ಸಂಜೆಯಾದರೆ ಹಗ್ಗ ಸಡಿಲಿಸುವುದು ಅವರ ರೂಢಿ. ಹೋದ ವರ್ಷ ನೀವೆಲ್ಲ ನೀರಿಗಿಳಿದಿದ್ದಾಗ ಸಾಲಿನಲ್ಲಿದ್ದ ಪರರ ಡೇರೆಗಳಿಗೂ ಅದೇ ಉಪಕಾರ ಮಾಡಿದರು. ಈಗಿನವು ನೈಲಾನ್ ಹಗ್ಗ, ಅವಕ್ಕೆ ಬಿಗಿಯುವ ಗುಣವಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ. ಗಾಳಿ ಎದ್ದದ್ದೇ ತಡ, ಇಡೀ ಸಾಲು ಮಕಾಡೆ ಮಲಗಿತು.

ಒದ್ದೆ ಬಟ್ಟೆಯಲ್ಲೇ ಓಡಿಬಂದ ಜನ ಅಪ್ಪನನ್ನು ಸುತ್ತಿಕೊಂಡರು. ಮೀಸೆಯವನೊಬ್ಬ ತೋಳು ಹಿಡಿದು “ಏನಜ್ಜಾ, ಕದಿಯೋಕೆ ಬಂದಿದ್ಯಾ? ಯಾರ ಕಡೆಯೋನು ನೀನು?” ಎಂದ. ಅಪ್ಪ ನಿನ್ನತ್ತ ಕೈ ತೋರಿಸಿದರು. ನೀನು ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ “ಯಾರೋ ಗೊತ್ತಿಲ್ಲಪ್ಪ” ಎಂದೆ. ಚಾಪೆ ಬಿಸಾಕಿ ಓಡಿಬರುತ್ತಿದ್ದ ನಾನು ಕಿವಿಯಾರೆ ಕೇಳಿದೆ. “ನಮ್ಮಪ್ಪ ಕಣ್ರೀ, ಬಿಡಿ ಕೈನ” ಎಂದವಳು ನಾನು. ಬಿದ್ದ ಡೇರೆಗಳನ್ನು ಎತ್ತುವಾಗ ಕೊನೆಗೆ ಆ ಮೀಸೆಯವನೂ ಬಂದು ಹಗ್ಗ ಹಿಡಿದ. ನೀನು ಹಿಡಿಯಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನೀನು ನಾಲ್ಕು ಬೈಗುಳ ತಪ್ಪಿಸಿಕೊಳ್ಳಲು ಅಪ್ಪನನ್ನೇ ಕೊಟ್ಟೆ.

ಅವರಿಗೆ ಕಿವಿ ಮಂದ, ಕೇಳಿಸಿರಲಾರದು ಎಂದು ಹಾಯಾಗಿದ್ದೀಯೇನೋ. ಕಿವಿ ಕೇಳದವರು ಮುಖ ನೋಡುತ್ತಾರೆ. ಅವತ್ತು ನಾನು ನಿನ್ನನ್ನು ಬೈಯುತ್ತಿದ್ದರೆ “ಬಿಡೇ, ಅಷ್ಟು ಜನರ ಮುಂದೆ ಅವನಿಗೆ ನಾಚಿಕೆ ಆಗಿರುತ್ತೆ” ಎಂದರು. ನಿನಗೆ ವಕೀಲಿಕೆಗೂ ಅವರೇ. ನಿನ್ನ ಕಾಗದ ಬಂದಿದೆ ಎಂದಾಗ ಅವರು ಕೇಳಿದ್ದು ಒಂದೇ ಮಾತು, “ನನ್ನನ್ನೂ ಕರೆದಿದ್ದಾನಾ?” ಹೌದು ಎಂದೆ. ಆ ಸುಳ್ಳಿನ ಪಾಪ ನಿನ್ನ ತಲೆಗೇ ಇರಲಿ.

ನಿನ್ನ ಹೆಂಡತಿಗೂ ಮಗುವಿಗೂ ನನ್ನ ಆಶೀರ್ವಾದ. ನಿನಗೆ ಕೊಡುವುದನ್ನು ಮುಖ ನೋಡಿದ ಮೇಲೆ ಯೋಚಿಸುತ್ತೇನೆ.

ನಿನ್ನ ಅಕ್ಕ

ಮರೆತಿದ್ದೆ: ಹಲಗೆಯ ಕೋಣೆಯನ್ನು ಅಪ್ಪನ ಹೆಸರಿನಲ್ಲೇ ಹಿಡಿದಿದ್ದೇನೆ. ನೀನು ಫೋನು ಮಾಡಿದರೆ ಬೇರೆ ಜಾಗವೆಲ್ಲ ಭರ್ತಿ ಎನ್ನಬೇಕೆಂದು ಕೌಂಟರಿನವನಿಗೆ ತಾಕೀತು ಮಾಡಿದ್ದಾಗಿದೆ. ಕೋಣೆ ಯಾರ ಹೆಸರಿನಲ್ಲಿದೆ, ಅವರು ನಿಮಗೆ ಏನಾಗಬೇಕು ಎಂದು ಗೇಟಿನವನು ಕೇಳುತ್ತಾನೆ. ಅಪ್ಪ ಅವನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಬಾಯಿಬಿಟ್ಟು ಹೇಳುವುದಾದರೆ ಬಾ. ಆಗದಿದ್ದರೆ ಹೆಂಡತಿ ಮಗುವನ್ನು ಅಲ್ಲೇ ಇಳಿಸಿ, ನೀನು ವ್ಯಾನು ತಿರುಗಿಸಿಕೊಂಡು ಹೋಗು.